ಆಧಾರವಿಲ್ಲದ ಆಧೇಯ

ನಾವು ಬೋಗಿಯೆಂದು ಕರೆಯುವುದು ಕುಳಿತು ಪ್ರಯಾಣ ಮಾಡುವ ರೈಲುಡಬ್ಬಿಯನ್ನು. ಯಂತ್ರಶಾಸ್ತ್ರದ ಪರಿಭಾಷೆಯಲ್ಲಾದರೋ ಬೋಗಿಯೆಂದರೆ ಡಬ್ಬಿಯ ಅಡಿಯಲ್ಲಿದ್ದು, ಗಾಲಿಗಳನ್ನು ಹಿಡಿದು, ಮೇಲಿನ ಸಮಸ್ತ ಭಾರವನ್ನೂ ಹೊರುವ ಉಕ್ಕಿನ ಚೌಕಟ್ಟು. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ, ರೈತರು ಬಿಟ್ಟುಕೊಟ್ಟ ಹೊಲಗಳ ಮೇಲೆ ಎದ್ದ ಕೈಗಾರಿಕಾ ಪ್ರದೇಶದಲ್ಲಿ, ರೈಲ್ವೆಯ ಕಾರ್ಖಾನೆ ನಿರ್ಮಿಸುವುದು ಈ ಎರಡನೆಯ ಅರ್ಥದ ಬೋಗಿಯನ್ನು. ಹೊರುವುದರ ಹೆಸರು ಹೊರಿಸಿಕೊಂಡುದಕ್ಕೆ ಸಂದಿದೆ. ಹೊರುವುದು ಅನಾಮಕವಾಗಿ ಕೆಳಗೆ ಉಳಿದಿದೆ.

ಆ ಊರಿಗೆ ಹೋಗಿದ್ದಾಗ ತರುಣ ಮಿತ್ರನೊಬ್ಬನು ತನ್ನ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಆಜ್ಞೆಯನ್ನು ಬರೆದು, ಜಾತ್ರೆಯ ವಿವರಗಳುಳ್ಳ ನಾಲ್ಕು ಪುಟಗಳ ಜಾಲತಾಣವೊಂದನ್ನು ಸ್ವಲ್ಪ ಹೊತ್ತಿನಲ್ಲೇ ಲೋಕದ ಮುಂದಿರಿಸಿದನು. ಓದುಗನು ಕೇಳುವ ಮುನ್ನವೇ ಪೂರ್ಣವಾಗಿ ಸಿದ್ಧವಾಗಿರುವ ಕಡತಗಳು ಅವು. ಜಾಲತಾಣಗಳಿಗೆ ನೆಲೆ ಒದಗಿಸುವ ನೆಟ್ಲಿಫೈಯಂತಹ ಸಂಸ್ಥೆಗಳ ಸಾಧನವು ಪ್ರತಿಯೊಂದು ಕಡತದ ಒಳಗಿರುವುದನ್ನೇ ಗಣಿತಕ್ಕೆ ಒಳಪಡಿಸಿ ಒಂದು ಮುದ್ರೆಯನ್ನು ಕಂಡುಕೊಂಡು, ಯಾವುದರ ಮುದ್ರೆ ಬದಲಾಗಿದೆಯೋ ಅದನ್ನು ಮಾತ್ರ ರವಾನಿಸುತ್ತದೆ. ಅಲ್ಲಿಂದ ಪ್ರತಿಗಳು ದೂರದೂರದ ನಗರಗಳಿಗೆ ಹಂಚಿಹೋಗುತ್ತವೆ. ಈ ಜಾಲತಾಣವು ಈಗ ಎಲ್ಲಿದೆಯೆಂದು ಕೇಳಿದೆ. ‘ಇದಕ್ಕ ಸರ್ವರ್ ಬೇಕಾಗಂಗಿಲ್ರಿ, ಸರ್ವರ್‌ಲೆಸ್ ಐತ್ರಿ’ ಎಂದನು.

2014ರಲ್ಲಿ ಅಮೆಜಾನ್ ಸಂಸ್ಥೆಯು ಲ್ಯಾಂಬ್ಡಾ ಎಂಬ ಸೇವೆಯನ್ನು ಪ್ರಕಟಿಸಿದ ತರುವಾಯ ವ್ಯಾಪಕವಾಗಿ ಹರಡಿದ ‘ಸರ್ವರ್‌ಲೆಸ್’ ಎಂಬ ಈ ಶಬ್ದ ನನ್ನನ್ನು ಬಹುಕಾಲ ಕಾಡಿದೆ. ಸರ್ವರ್ ಎಂದರೆ ಸೇವಕ. ಸೇವಕನಿಲ್ಲದ ಸೇವೆಯುಂಟೆ? ಗುಣವು ದ್ರವ್ಯವನ್ನು ಆಶ್ರಯಿಸಿಯೇ ಇರತಕ್ಕದ್ದೆಂದು ವೈಶೇಷಿಕ ದಾರ್ಶನಿಕರು ಸಾಧಿಸಿದರು. ಛಾಂದೋಗ್ಯೋಪನಿಷತ್ತಿನಲ್ಲಿ ನಾರದನು ಸನತ್ಕುಮಾರನನ್ನು, ಅನಂತವಾದ ಭೂಮವು ಯಾವುದರಲ್ಲಿ ಪ್ರತಿಷ್ಠಿತವಾಗಿದೆಯೆಂದು ಕೇಳಿದಾಗ, ತನ್ನ ಮಹಿಮೆಯಲ್ಲಿಯೆಂದು ಹೇಳಿದ ಗುರುವು ಒಡನೆಯೇ ಆ ಮಾತನ್ನೂ ಹಿಂದೆಗೆದುಕೊಳ್ಳುತ್ತಾನೆ; ಏಕೆಂದರೆ ಅನಂತವಾದುದಕ್ಕೆ ಅನ್ಯವಾದ ಆಧಾರವೇ ಇರಲಾರದು. ನಿರಾಧಾರತ್ವವೆಂಬುದು ಆ ಒಂದು ವಸ್ತುವಿಗೆ ಮಾತ್ರ ಸಲ್ಲುವ ಲಕ್ಷಣ. ವಿದ್ಯುತ್ತು, ತಂಪುನೀರು, ನೆಲ, ರಾತ್ರಿಯೆಲ್ಲ ಎಚ್ಚರವಾಗಿರುವ ನೌಕರ, ಇವಿಷ್ಟನ್ನೂ ಬೇಡುವ ಯಂತ್ರಗಳ ಮೇಲೆ ನಿಂತಿರುವ ಪುಟವೊಂದಕ್ಕೆ ಅದನ್ನು ಆರೋಪಿಸುವುದು, ಆ ಯಂತ್ರಗಳ ಹೊಣೆ ನಮ್ಮದಲ್ಲವೆಂಬುದನ್ನು ಹೊರುವವನೇ ಇಲ್ಲವೆಂದು ಭ್ರಮಿಸಿದಂತೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಇಷ್ಟನ್ನು ಮರೆತಲ್ಲಿ ಕೃತಜ್ಞತೆಗೆ ಎಡೆಯೇ ಉಳಿಯದು. ಕೃತಜ್ಞತೆಯಿಲ್ಲದ ಧರ್ಮವನ್ನು ನಾನು ಕಲ್ಪಿಸಿಕೊಳ್ಳಲಾರೆ.

ಹಾಗೆ ಕಾಣದೆಯೇ ಹೊತ್ತ ಕಲ್ಲೊಂದು ಕಡೇಚೂರಿನ ಸೀಮೆಯ ನೆರೆಯಲ್ಲೇ ಇತ್ತು. ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಳಿಗೆ 1980ರ ದಶಕದಲ್ಲಿ ಕುಸಿದಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ತಿಳಿದುಬಂದಿತು. ಎಷ್ಟು ತಲೆಮಾರುಗಳ ಭಕ್ತರು ಅದರ ಮುಂದೆ ಕೈಮುಗಿದಿರಬೇಕು! ಅದರ ಎರಡು ಬದಿಗಳಲ್ಲಿಯೂ ಬರಹವಿದೆ. ಅಶೋಕನ ಶಿಲಾಶಾಸನಗಳ ಸಾಲಿನಲ್ಲಿ ಅನ್ಯರ ಮತವನ್ನು ಗೌರವಿಸಬೇಕೆನ್ನುವ 12ನೆಯ ಶಾಸನವೂ, ಪ್ರಕಟಣೆಯ ವಿಧಾನವನ್ನೇ ವಿವರಿಸುವ 14ನೆಯ ಶಾಸನವೂ ಅಲ್ಲಿವೆ. ತನ್ನ ಮಾತು ಒಂದೆಡೆ ಸಂಕ್ಷೇಪವಾಗಿ, ಒಂದೆಡೆ ವಿಸ್ತಾರವಾಗಿ ಬರೆಯಲ್ಪಟ್ಟಿದೆಯೆಂದೂ, ಎಲ್ಲವೂ ಎಲ್ಲೆಡೆಗೂ ಹೊಂದುವುದಿಲ್ಲವೆಂದೂ, ಕೆಲವೆಡೆ ಅಪೂರ್ಣತೆಗೆ ಲಿಪಿಕಾರನ ದೋಷವೂ ಕಾರಣವಾಗಿರಬಹುದೆಂದೂ ಚಕ್ರವರ್ತಿಯು ಈ 14ನೆಯದರಲ್ಲಿ ಒಪ್ಪಿಕೊಳ್ಳುತ್ತಾನೆ. ಆಜ್ಞೆ ತನ್ನದಾದರೂ ಕೆತ್ತಿದ ಕೈ ಇನ್ನೊಬ್ಬನದೆಂಬುದನ್ನು ಅವನು, ದೋಷವನ್ನು ಹೇಳುವ ನೆಪದಲ್ಲಾದರೂ, ಮರೆಯಲಿಲ್ಲ. ಜಾಲತಾಣವನ್ನು ಏರಿಸುವ ತರುಣರು ಈ ಶಾಸನವನ್ನೊಮ್ಮೆ ಓದಬೇಕೆಂಬುದು ನನ್ನ ಹಂಬಲ.

ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಆ ಚಪ್ಪಡಿಯ ನಡುವೆ ಚೌಕಾಕಾರದ ರಂಧ್ರವನ್ನು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಅಳಿದುಹೋದವು. 14ನೆಯ ಶಾಸನವನ್ನು ಗಿರ್ನಾರದಲ್ಲಿಯೂ ಧೌಲಿಯಲ್ಲಿಯೂ ಬೇರೆ ಕಲ್ಲುಗಳು ಇಂದಿಗೂ ಹೊತ್ತು ನಿಂತಿವೆ.