ದಾಕ್ಷಿಣ್ಯದ ಸಹಿ

ಇನ್ನೊಬ್ಬರ ಕೆಲಸವನ್ನು ನೋಡಿ 'ಸರಿಯಿದೆ' ಎಂದು ಹೆಸರು ಹಾಕುವಾಗ ನಾವು ಯಾವುದಕ್ಕೆ ಹೊಣೆಯಾಗುತ್ತೇವೆ? ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತವರಿಗೆ ಇದರ ಉತ್ತರ ಚೆನ್ನಾಗಿ ಗೊತ್ತು. ಗಣಕಯಂತ್ರದ ಉದ್ಯೋಗದಲ್ಲಿರುವ ನಮಗೆ ಈ ಪ್ರಶ್ನೆ ಎದುರಾದದ್ದು ಬಹಳ ಚಿಕ್ಕ ವಸ್ತುವೊಂದರ ಮುಂದೆ.

ಎಸ್‌ಎಸ್‌ಡಿ ೧೩೦೬ ಎಂಬ ಚಿಪ್ಪು ನಡೆಸುವ ಪುಟ್ಟ ಪರದೆಯನ್ನು ಹವ್ಯಾಸಿ ಹುಡುಗರ ಮೇಜಿನ ಮೇಲೆ ನೀವೂ ಕಂಡಿರಬಹುದು. ಅಡ್ಡಕ್ಕೆ ೧೨೮, ಕೆಳಕ್ಕೆ ೬೪ ಚುಕ್ಕೆಗಳು. ಚುಕ್ಕೆ ಬೆಳಗಬೇಕು, ಇಲ್ಲವೆ ಆರಬೇಕು. ಇಡೀ ಚಿತ್ರಕ್ಕೆ ೧೦೨೪ ಬೈಟು ಸಾಕು. ಇಂಥ ಪರದೆಗಳಿಗಾಗಿ ಲಿನಕ್ಸ್ ಕರ್ನೆಲ್ಲಿನ ಚಿತ್ರವಿಭಾಗಕ್ಕೆ ೨೦೨೨ರಲ್ಲಿ ಹೊಸ ಡ್ರೈವರ್ ಸೇರಿತು.

ಇಷ್ಟು ಪುಟ್ಟದಕ್ಕೆ ಅಷ್ಟು ತಪಾಸಣೆ ಏಕೆ? ಪರದೆ ಪುಟ್ಟದು ನಿಜ, ಡ್ರೈವರ್ ಕೂತಿರುವ ಜಾಗ ಪುಟ್ಟದಲ್ಲ. ಯಂತ್ರವನ್ನು ಒಳಗಿನಿಂದ ಆಳುವ ಕರ್ನೆಲ್ಲಿನಲ್ಲಿ ಕೂತವನಿಗೆ ಎಲ್ಲರ ಸ್ಮೃತಿಯೂ ಬಾಗಿಲು ತೆರೆದ ಮನೆ. ಈ ಚಿಪ್ಪು ಎಂಟೆಂಟು ಸಾಲುಗಳನ್ನು ಒಂದು ಪುಟವಾಗಿ ಎಣಿಸುತ್ತದೆ. ಒಂದು ಬೈಟು ಎಂದರೆ ಮೇಲಿಂದ ಕೆಳಕ್ಕೆ ಎಂಟು ಚುಕ್ಕೆ. ಎತ್ತರವನ್ನು ಎಂಟರಿಂದ ಭಾಗಿಸಿ ಶೇಷವನ್ನು ಕೈಬಿಟ್ಟರೆ ೬೪ಕ್ಕೇನೂ ಬಾಧಕವಿಲ್ಲ. ಎಂಟರ ಮಗ್ಗಿಗೆ ಸಿಗದ ಪರದೆ ಬಂದ ದಿನ ಮಾತ್ರ ಕೊನೆಯ ಪುಟಕ್ಕೆ ಜಾಗವೇ ಇಲ್ಲದೆ, ಬರಹ ಪಕ್ಕದವರ ಸ್ಮೃತಿಯ ಮೇಲೆ ಹರಿಯುತ್ತದೆ. ಬರೆದವನ ಮೇಜಿನ ಮೇಲೆ ಎಲ್ಲವೂ ಸರಿಯಾಗಿಯೇ ಬೆಳಗಿರುತ್ತದೆ!

ಕರ್ನೆಲ್ ಬಳಗದವರು 'ನಡೆಸಿ ನೋಡಿದ್ದೇನೆ' ಎಂಬುದಕ್ಕೂ 'ಪರಿಶೀಲಿಸಿದ್ದೇನೆ' ಎಂಬುದಕ್ಕೂ ಬೇರೆ ಬೇರೆ ಸಹಿಗಳನ್ನಿಟ್ಟಿದ್ದಾರೆ. ಎರಡನೆಯದರ ತಾತ್ಪರ್ಯ ಇದು: ಕಂಡ ತೊಡಕುಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಸೇರಲು ಯೋಗ್ಯವೆಂದು ನಂಬುತ್ತೇನೆ, ಆದರೆ ಹೇಳಿದ ಕೆಲಸ ಮಾಡಿಯೇ ತೀರುತ್ತದೆಂದು ಖಾತರಿ ಕೊಡಲಾರೆ. ಮೊದಲು ಇದು ನಮಗೆ ವಕೀಲರ ನುಣುಚು ಮಾತಾಗಿ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ಮುಂದಾಗುವುದು ನಮ್ಮ ಕೈಯಲ್ಲಿಲ್ಲ. ಓದಿದೆವೋ ಇಲ್ಲವೋ ಎಂಬುದು ನಮ್ಮ ಕೈಯಲ್ಲೇ ಇದೆ.

ಅಲ್ಲಿಯೇ ದಾಕ್ಷಿಣ್ಯ ಅಡ್ಡ ಬರುತ್ತದೆ. ಬರೆದಾತ ಹೊಸಬ, ಮೂರನೆಯ ಬಾರಿ ತಿದ್ದಿ ಕಳುಹಿಸಿದ್ದಾನೆ. ನಾವೂ ದಣಿದಿದ್ದೇವೆ. ಕೆಲಸ ಅರ್ಧದಲ್ಲಿ ಕೆಟ್ಟರೆ ಪರದೆಯ ವಿದ್ಯುತ್ತನ್ನು ಆರಿಸಿ, ಪಡೆದದ್ದನ್ನು ಹಿಂದಿರುಗಿಸಿ ಹೊರಬರಬೇಕಾದ ಸಾಲುಗಳಿರುತ್ತವಲ್ಲ, ಅವುಗಳ ಮೇಲೆ ಸುಮ್ಮನೆ ಕಣ್ಣಾಡಿಸಿ ಸಹಿ ಹಾಕಿಬಿಡುತ್ತೇವೆ. ಹಾಕಿದ್ದೂ ಉಂಟು, ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆ ಗೊತ್ತಿದ್ದೂ.

ಇದಕ್ಕೆ ನಿಷ್ಠುರವೇ ಮದ್ದೆನ್ನುವವರಿದ್ದಾರೆ. ಕರ್ನೆಲ್ಲಿನ ಜನಕ ಲೀನಸ್ ಟೊರ್ವಾಲ್ಡ್ಸ್ ಬಹುಕಾಲ ಬಿರುನುಡಿಗೆ ಹೆಸರಾದವರು; ೨೦೧೮ರಲ್ಲಿ ಅವರೇ ಕ್ಷಮೆ ಕೇಳಿ ಕೆಲವು ವಾರ ಬಿಡುವು ಪಡೆದರು. ತಪ್ಪನ್ನು ಬಿಡದೆ ಹೇಳಬೇಕು, ಹೇಳಿಸಿಕೊಂಡವನು ನಾಲ್ಕನೆಯ ಬಾರಿಯೂ ಕಳುಹಿಸಬೇಕು. ಎರಡನ್ನೂ ಒಂದೇ ಪತ್ರದಲ್ಲಿ ಬರೆಯುವ ವಿದ್ಯೆ ನಮಗಿನ್ನೂ ಒಲಿದಿಲ್ಲ. ಸದ್ಯಕ್ಕೆ ಮಾಡುತ್ತಿರುವುದು ಇಷ್ಟು: ಆ ಸೋಲಿನ ದಾರಿಯ ಸಾಲುಗಳನ್ನೇ ಮೊದಲು ಓದುತ್ತೇವೆ. ಓದಲಾಗದೆ ಉಳಿದದ್ದಿದ್ದರೆ 'ಇಷ್ಟನ್ನು ನೋಡಿಲ್ಲ' ಎಂದು ಬರೆದು, ಸಹಿಯ ಜಾಗವನ್ನು ಖಾಲಿ ಬಿಡುತ್ತೇವೆ.