ಗಸಗಸೆ ಹೂವೂ ವೀರಗಲ್ಲೂ

ಯುದ್ಧದಲ್ಲಿ ಮಡಿದವರ ನೆನಪಿಗೆ ಗಸಗಸೆ ಜಾತಿಯ ಕೆಂಪು ಹೂವನ್ನು ಎದೆಗೆ ಸಿಕ್ಕಿಸಿಕೊಳ್ಳುವ ರೂಢಿ ಮೊದಲ ಮಹಾಯುದ್ಧದಿಂದ ಬಂದದ್ದು. ಬೆಲ್ಜಿಯಂ, ಫ್ರಾನ್ಸ್‌ಗಳ ರಣಭೂಮಿಯ ಕದಡಿದ ಮಣ್ಣಿನಲ್ಲಿ ಅದು ತಾನಾಗಿ ಅರಳಿತ್ತು. ಬ್ರಿಟನ್ನಿನಲ್ಲಿ 1921ರಿಂದ ಕೃತಕ ಹೂಗಳನ್ನು ಮಾರಿ, ಬಂದ ಹಣವನ್ನು ಸೈನಿಕರ ಕುಟುಂಬಗಳಿಗೆ ಕೊಡಲಾಗುತ್ತಿದೆ. 1933ರಲ್ಲಿ ಅಲ್ಲಿನ ಸಹಕಾರಿ ಮಹಿಳಾ ಸಂಘ ಬಿಳಿ ಹೂವನ್ನು ತಂದಿತು. ಇನ್ನೊಂದು ಯುದ್ಧ ಬೇಡವೆಂಬುದು ಅದರ ಸಂಕಲ್ಪ. ಸತ್ತವರನ್ನು ಗೌರವಿಸುತ್ತಲೇ ಯುದ್ಧವನ್ನು ಗೌರವಿಸದೆ ಇರಲು ಸಾಧ್ಯವೇ ಎಂಬ ಪ್ರಶ್ನೆ ಈ ಎರಡು ಬಣ್ಣಗಳ ನಡುವೆ ಇದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಗಂಗರು, ಬಾಣರು, ನೊಳಂಬರು ಕಾದಾಡಿದ ಈ ಭಾಗದಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ರಣದಲ್ಲಿ ಸತ್ತವನಿಗೆ ಸ್ವರ್ಗವೆಂಬ ನಂಬಿಕೆ ಇಲ್ಲಿ ಕಲ್ಲಾಗಿದೆ. ಆದರೆ ಇಂಥ ಕಲ್ಲುಗಳಲ್ಲಿ ಹಲವು ಅರಸರ ದಂಡಯಾತ್ರೆಗಳಿಗೆ ಸಂಬಂಧಿಸಿದವಲ್ಲ. ತುರುಗಳನ್ನು ಬಿಡಿಸಲು, ಊರನ್ನು ಉಳಿಸಲು ಹೋಗಿ ಸತ್ತವರವು. ಸ್ವರ್ಗದ ಚಿತ್ರಕ್ಕಿಂತ ದೊಡ್ಡ ಮಾತು ಶಾಸನಗಳಲ್ಲಿ ಬರುವ ನೆತ್ತರುಗೊಡಗೆ, ಅಂದರೆ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಸಾವಿನ ಋಣ ಉಳಿದವರ ಅನ್ನದಿಂದಲೇ ತೀರಬೇಕೆಂದು ಆ ಕಾಲದವರು ಒಪ್ಪಿಕೊಂಡಿದ್ದರು.

ಈ ಸಂಪ್ರದಾಯದ ಕೊರತೆ ಮಾಸ್ತಿಗಲ್ಲಿನಲ್ಲಿ ಕಾಣುತ್ತದೆ. ಬಳೆ ತೊಟ್ಟು ಮೇಲೆತ್ತಿದ ಆ ಕೈ ಗಂಡನ ಚಿತೆಗೆ ಬಿದ್ದವಳದು. ಅವಳಿಗೆ ಪೂಜೆ ಸಿಕ್ಕಿತು, ಬದುಕು ಸಿಗಲಿಲ್ಲ. ಜೈನಧರ್ಮ ಬೇರೆ ಉತ್ತರ ಕೊಟ್ಟಿತು. ಸ್ವತಃ ಯೋಧನಾಗಿದ್ದ ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ಬಾಹುಬಲಿ ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ತೊರೆಯುತ್ತಾನೆ. ವೀರಗಲ್ಲು ಕೇಳದ ಪ್ರಶ್ನೆಯನ್ನು ಆ ತ್ಯಾಗ ಕೇಳುತ್ತದೆ.

ಆಯುಧವಿಲ್ಲದೆ ಸತ್ತವರಿಗೂ ಈ ಸೀಮೆಯಲ್ಲಿ ಸ್ಮಾರಕವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದು ಯುದ್ಧವಲ್ಲದಿದ್ದರೂ ಅಲ್ಲಿ ಸತ್ತವರ ನೆನಪು ಬಿಳಿ ಹೂವಿನ ಆಶಯಕ್ಕೆ ಹತ್ತಿರದ್ದು.

ನೆತ್ತರುಗೊಡಗೆಯ ಧರ್ಮ ಇಂದು ಸಶಸ್ತ್ರ ಪಡೆಗಳ ಧ್ವಜ ದಿನದಲ್ಲಿ ಉಳಿದಿದೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಕೂಡಿಸುವ ಹಣ ಯುದ್ಧ ವಿಧವೆಯರಿಗೆ, ಅಂಗವಿಕಲ ಸೈನಿಕರಿಗೆ ಸಲ್ಲುತ್ತದೆ. ಗಸಗಸೆಯ ಬದಲು ಚೆಂಡು ಹೂ ಭಾರತದ ಸ್ಮರಣೆಯ ಹೂವಾಗಲಿ ಎಂಬ ಸಲಹೆಯೂ ಬಂದಿದೆ. ಚಿಕ್ಕಬಳ್ಳಾಪುರದ ಹೊಲಗಳಲ್ಲೇ ಬೆಳೆಯುವ ಆ ಹೂವನ್ನು ವೀರಗಲ್ಲಿಗೆ ಏರಿಸುವವರು ಮಾಸ್ತಿಗಲ್ಲಿಗೂ ವಿದುರಾಶ್ವತ್ಥದ ಸ್ಮಾರಕಕ್ಕೂ ಏರಿಸಲಿ; ಡಿಸೆಂಬರಿನಲ್ಲಿ ಧ್ವಜ ದಿನದ ಡಬ್ಬಿಗೂ ಕೈಲಾದಷ್ಟು ಹಾಕಲಿ.