ಎಣಿಕೆಯೇ ಕಾಲವೇ?

2018ರ ಜನವರಿಯಲ್ಲಿ ಬ್ರೌಸರ್ ತಯಾರಕರು ಜಾವಾಸ್ಕ್ರಿಪ್ಟಿನ ಗಡಿಯಾರವನ್ನು ಬೇಕೆಂದೇ ಮಂಕು ಮಾಡಿದರು. ಸ್ಪೆಕ್ಟರ್ ಎಂಬ ದೋಷ ಬಯಲಾಗಿತ್ತು: ಪ್ರೊಸೆಸರ್ ಮಾಹಿತಿಯನ್ನು ಹತ್ತಿರದ ಕ್ಯಾಶ್‌ನಿಂದ ಓದಿತೋ, ದೂರದ ಮೆಮೊರಿಯಿಂದ ತಂದಿತೋ ಎಂದು ಹಿಡಿದ ಸಮಯದಿಂದಲೇ ಊಹಿಸಿ ಗುಟ್ಟು ಕದಿಯಬಹುದಿತ್ತು. ಹೀಗಾಗಿ ಫೈರ್‌ಫಾಕ್ಸ್ ತನ್ನ 'ಪರ್ಫಾರ್ಮೆನ್ಸ್.ನೌ' ಅಳತೆಯನ್ನು 20 ಮೈಕ್ರೋಸೆಕೆಂಡಿಗೆ ಒರಟಾಗಿಸಿತು.

ಅಷ್ಟು ಸಾಲಲಿಲ್ಲ. ಶೇರ್ಡ್‌ಅರೇಬಫರ್ ಎಂಬ ಸೌಲಭ್ಯವನ್ನೂ ನಿಲ್ಲಿಸಬೇಕಾಯಿತು. ಅದು ಗಡಿಯಾರವಲ್ಲ, ಒಟ್ಟೊಟ್ಟಿಗೆ ನಡೆಯುವ ಎರಡು ಥ್ರೆಡ್‌ಗಳು ಹಂಚಿಕೊಳ್ಳುವ ಮೆಮೊರಿ. ಆದರೆ ಒಂದು ಥ್ರೆಡ್ ಅದರಲ್ಲಿ ಒಂದೇ ಸಮನೆ ಎಣಿಸುತ್ತಿದ್ದರೆ, ಇನ್ನೊಂದು ತನ್ನ ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಆ ಸಂಖ್ಯೆಯನ್ನು ನೋಡಿಕೊಂಡರೆ ಸೂಕ್ಷ್ಮವಾದ ಗಡಿಯಾರವೇ ಸಿದ್ಧ!

ಭದ್ರತೆಯ ಈ ತಲೆನೋವಿನೊಳಗೆ ಬಹು ಹಳೆಯ ತತ್ವಪ್ರಶ್ನೆಯೊಂದಿದೆ. ಕಾಲ ತಾನಾಗಿ ಇರುವ ವಸ್ತುವೇ? ಹೌದು ಎಂದರು ಭಾರತೀಯ ದರ್ಶನಗಳಲ್ಲೊಂದಾದ ವೈಶೇಷಿಕದವರು. ಅವರ ಒಂಬತ್ತು ದ್ರವ್ಯಗಳಲ್ಲಿ ಕಾಲವೂ ಒಂದು. 1687ರಲ್ಲಿ ನ್ಯೂಟನ್ ಕೂಡ ಯಾವುದರ ಹಂಗೂ ಇಲ್ಲದೆ ಸಮನಾಗಿ ಹರಿಯುವ ಕಾಲವನ್ನು ಒಪ್ಪಿದ. ಆದರೆ ಅರಿಸ್ಟಾಟಲನಿಗೆ ಕಾಲವೆಂದರೆ ಮೊದಲು-ನಂತರಗಳ ನೆಲೆಯಲ್ಲಿ ಚಲನೆಯ ಎಣಿಕೆ. ಮೂಲಮಧ್ಯಮಕಕಾರಿಕೆಯ 19ನೆಯ ಪ್ರಕರಣದಲ್ಲಿ ಬೌದ್ಧ ದಾರ್ಶನಿಕ ನಾಗಾರ್ಜುನ ಇನ್ನೂ ಮುಂದೆ ಹೋಗಿ, ವಸ್ತುಗಳನ್ನು ಅವಲಂಬಿಸಿದ ಕಾಲ ವಸ್ತುಗಳಿಲ್ಲದೆ ಎಲ್ಲಿದ್ದೀತು ಎಂದು ಕೇಳುತ್ತಾನೆ.

ಕೋಡಿನ ಅನುಭವ ಈ ಕೊನೆಯ ಇಬ್ಬರ ಕಡೆಗೇ ವಾಲುತ್ತದೆ. ಒಂದು ಫಂಕ್ಷನ್‌ಗೆ ಎಷ್ಟು ಸಮಯ ಬೇಕು ಎಂಬ ಪ್ರಶ್ನೆಗೆ ಆ ಫಂಕ್ಷನ್ನಿನೊಳಗೆ ಉತ್ತರವಿಲ್ಲ. ಕ್ರೋಮ್‌ನ ವಿ8 ಎಂಜಿನ್ ಅದನ್ನು ಮೊದಲು ಇಂಟರ್‌ಪ್ರಿಟರ್‌ನಲ್ಲಿ ನಿಧಾನವಾಗಿ ನಡೆಸುತ್ತದೆ. ಮತ್ತೆ ಮತ್ತೆ ಕರೆ ಬಂದರೆ ವೇಗದ ಯಂತ್ರಭಾಷೆಗೆ ಇಳಿಸುತ್ತದೆ. ನಡುವೆ ಮೆಮೊರಿ ಗುಡಿಸುವ ಕೆಲಸ ನುಗ್ಗಬಹುದು. ಫಲಿತಾಂಶವನ್ನು ಯಾರೂ ಬಳಸದಿದ್ದರೆ ಕಂಪೈಲರ್ ಆ ಲೆಕ್ಕವನ್ನೇ ಕೈಬಿಟ್ಟು, ಅಳೆದವನಿಗೆ ಬರಿಯ ಖಾಲಿ ಸುತ್ತಿನ ಅವಧಿ ದಕ್ಕಬಹುದು.

ವೈಶೇಷಿಕನ ಆಕ್ಷೇಪ ಹಗುರವಾದುದಲ್ಲ. ಎಣಿಸುವ ಥ್ರೆಡ್ಡೇ ನಡುವೆ ನಿಧಾನಿಸಿದರೆ? ಅದು ನಿಧಾನಿಸಿತು ಎನ್ನಲು ಅದರಾಚೆಗೊಂದು ಕಾಲ ಬೇಡವೇ? ಬೇಕಾದೀತು; ಆದರೆ ಕೈಗೆ ಸಿಗುವುದು ಇನ್ನೊಂದು ಎಣಿಕೆ ಮಾತ್ರ. ಕಂಪ್ಯೂಟರಿನ ಗಡಿಯಾರ ಸ್ಫಟಿಕದ ಕಂಪನಗಳನ್ನು ಎಣಿಸುತ್ತದೆ. ಸ್ಫಟಿಕ ತಪ್ಪಿತೆಂದು ಹೇಳುವ ಸೆಕೆಂಡಾದರೂ 1967ರಿಂದ ಸೀಸಿಯಂ ಪರಮಾಣುವಿನ ವಿಕಿರಣದ 919,26,31,770 ಆವರ್ತಗಳ ಲೆಕ್ಕವೇ.

ಶೇರ್ಡ್‌ಅರೇಬಫರ್ ಈಗ ಮರಳಿದೆ, ಹೊರಗಿನ ತಾಣಗಳಿಂದ ಪ್ರತ್ಯೇಕಗೊಂಡ ಪುಟಗಳಿಗೆ ಮಾತ್ರ. ಕ್ರೋಮ್‌ನಲ್ಲಿ 5 ಮೈಕ್ರೋಸೆಕೆಂಡಿನ ಸೂಕ್ಷ್ಮ ಗಡಿಯಾರ ಸಿಗುವುದೂ ಅದೇ ಪುಟಗಳಿಗೆ, ಉಳಿದವಕ್ಕೆ 100.